ಜೀನ್ ಶೆಫರ್ಡ್ ಎಂಬ ರೇಡಿಯೋ ಕತೆಗಾರ: ಹಾಸನದ ಕತೆ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಹಜಾರದಲ್ಲಿ ಸೇರಿ ಕತೆ ಹೇಳುತ್ತೇವೆ, ಕೇಳುತ್ತೇವೆ. ಆಲೂರು, ಬೇಲೂರು, ಸಕಲೇಶಪುರದಿಂದ ಬರುವವರಿದ್ದಾರೆ, ಚಿಕ್ಕಮಗಳೂರಿನಿಂದ ಕೊನೇ ಬಸ್ಸಿನ ಲೆಕ್ಕ ಇಟ್ಟುಕೊಂಡೇ ಬರುವವರೂ ಇದ್ದಾರೆ. ಜೀನ್ ಶೆಫರ್ಡನ ಹಳೆಯ ರೇಡಿಯೋ ಧ್ವನಿಮುದ್ರಣ ಹಾಕಿದಾಗಲೆಲ್ಲ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವಕ್ಕೆ ಒಂದೇ ಕಡೆ ಉತ್ತರ ಇರಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಯಾರು ಈ ಜೀನ್ ಶೆಫರ್ಡ್?

ಅಮೆರಿಕದ ರೇಡಿಯೋ ಹಾಸ್ಯಗಾರ, ಕತೆಗಾರ. ಹುಟ್ಟಿದ್ದು 1921ರ ಜುಲೈ 26ರಂದು, ತೀರಿಕೊಂಡದ್ದು 1999ರ ಅಕ್ಟೋಬರ್ 16ರಂದು. 1955ರಿಂದ 1977ರವರೆಗೆ ನ್ಯೂಯಾರ್ಕಿನ ಡಬ್ಲ್ಯುಓಆರ್ ನಿಲಯದಲ್ಲಿ ರಾತ್ರಿ ಹೊತ್ತು ಒಬ್ಬನೇ ಮೈಕಿನ ಮುಂದೆ ಕೂತು ಮಾತಾಡಿದ. ಆ ಮಾತಿನಲ್ಲಿ ಹುಟ್ಟಿದ ಕತೆಗಳು ಮುಂದೆ ಪುಸ್ತಕಗಳಾದವು, ಟಿವಿ ಚಿತ್ರಗಳಾದವು, ಅಮೆರಿಕದ ಮನೆಮನೆಯಲ್ಲೂ ಪ್ರತಿವರ್ಷ ನೋಡುವ ಒಂದು ಸಿನಿಮಾ ಆಯಿತು.

ನಮ್ಮಲ್ಲೇ ಹಾಸ್ಯಗಾರರಿಗೆ ಬರವಿಲ್ಲ. ಹಾಸನದಲ್ಲಿ ಕೂತು ಅಮೆರಿಕದವನ ಮಾತು ಯಾಕೆ ಕೇಳಬೇಕು?

ನ್ಯಾಯವಾದ ಪ್ರಶ್ನೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಜಿಲ್ಲೆ ಇದು. ಹೇಮಾವತಿ ದಂಡೆಯ ಆ ಊರಿನ ರಸಿಕರು, ಜಗಳಗಂಟರು, ಬುದ್ಧಿವಂತರು ಎಲ್ಲರನ್ನೂ ಅವರ ಬರಹದಲ್ಲಿ ಕಂಡು ಬೆಳೆದವರು ನಾವು. ರೇಡಿಯೋ ವಿಷಯದಲ್ಲೂ ನಾವು ಹಿಂದೆ ಬಿದ್ದವರಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು 1935ರಲ್ಲಿ. ಆಕಾಶವಾಣಿ ಎಂಬ ಹೆಸರು ರೇಡಿಯೋಗೆ ಅಂಟಿಕೊಂಡದ್ದೂ ಅಲ್ಲಿಂದಲೇ.

ಆದರೆ ನಮ್ಮ ರೇಡಿಯೋ ಹಾಸ್ಯ ಹೆಚ್ಚಾಗಿ ಎರಡು ಬಗೆಯದು. ಒಂದು, ಬರೆದುಕೊಂಡು ಬಂದು ಓದುವ ಹಾಸ್ಯ ಭಾಷಣ. ಇನ್ನೊಂದು, ನಾಲ್ಕಾರು ದನಿಗಳ ನಾಟಕ, ರೂಪಕ. ಒಬ್ಬನೇ ಮನುಷ್ಯ ಕೈಯಲ್ಲಿ ಬರಹವಿಲ್ಲದೆ, ಮುಕ್ಕಾಲು ಗಂಟೆ, ವಾರದ ಐದು ರಾತ್ರಿ, ವರ್ಷಗಟ್ಟಲೆ ಕತೆ ಕಟ್ಟುತ್ತ ಹೋದದ್ದು ಬೇರೆಯದೇ ವಿದ್ಯೆ. ಆ ವಿದ್ಯೆಯ ದೊಡ್ಡ ಗುರು ಶೆಫರ್ಡ್ ಎಂದು ನಾನು ನಂಬಿದ್ದೇನೆ. ನಮ್ಮ ಕೂಟಕ್ಕೆ ಅವನು ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿಗೆ ಬರುವ ಬಹುಪಾಲು ಜನ ‘ನಾನು ಚಿಕ್ಕವನಿದ್ದಾಗ’ ಎಂದೇ ಶುರು ಮಾಡುತ್ತಾರೆ. ಶೆಫರ್ಡ್ ಕೂಡ ಹಾಗೇ ಶುರು ಮಾಡುತ್ತಿದ್ದ. ಅಲ್ಲಿಂದ ಮುಂದೆ ಅವನು ಏನು ಮಾಡುತ್ತಿದ್ದ ಎನ್ನುವುದನ್ನು ಕಲಿತರೆ ನಮ್ಮ ಕತೆಗಳ ಗತಿಯೇ ಬೇರೆಯಾಗುತ್ತದೆ.

ಅವನು ಬೆಳೆದ ಊರು ಎಂಥದ್ದು?

ಹುಟ್ಟಿದ್ದು ಶಿಕಾಗೋದಲ್ಲಿ, ಬೆಳೆದದ್ದು ಪಕ್ಕದ ಇಂಡಿಯಾನಾ ರಾಜ್ಯದ ಹ್ಯಾಮಂಡ್ ಎಂಬ ಊರಿನಲ್ಲಿ. ಮಿಷಿಗನ್ ಸರೋವರದ ದಕ್ಷಿಣ ದಡದ ಆ ಸೀಮೆ ತುಂಬ ಉಕ್ಕಿನ ಕಾರ್ಖಾನೆಗಳು, ಎಣ್ಣೆ ಶುದ್ಧೀಕರಣ ಘಟಕಗಳು, ರೈಲು ಹಳಿಗಳು. ತಂದೆಗೆ ಒಂದು ಹಾಲಿನ ಕಂಪನಿಯಲ್ಲಿ ಕೆಲಸ. 1930ರ ದಶಕದ ಆರ್ಥಿಕ ಕುಸಿತದ ಕಾಲ, ಕೈ ಬಿಗಿ ಹಿಡಿದು ಬದುಕುವ ಮನೆ. ನಮ್ಮ ಕಡೆ ಹೋಲಿಸಬೇಕೆಂದರೆ ಭದ್ರಾವತಿ ನೆನೆಯಿರಿ. ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರು ಇಳಿದು ಹೋಗಿ ಕಬ್ಬಿಣವಾಗುತ್ತಿದ್ದ ಆ ಊರಿನಂತೆ, ಸೈರನ್ನಿಗೆ ಏಳುವ, ಪಾಳಿಗೆ ಮಲಗುವ ಊರು.

ಪುಸ್ತಕಗಳಲ್ಲಿ ಈ ಊರಿಗೆ ಹೋಮನ್ ಎಂದು ಹೆಸರಿಟ್ಟ. ಹ್ಯಾಮಂಡಿನಲ್ಲಿ ಹೋಮನ್ ಹೆಸರಿನ ದೊಡ್ಡ ರಸ್ತೆಯೊಂದು ಇದೆ. ಅವನು ಓದಿದ ವಾರನ್ ಜಿ. ಹಾರ್ಡಿಂಗ್ ಶಾಲೆಯ ಹೆಸರನ್ನು ಮಾತ್ರ ಬದಲಿಸದೆ ಕತೆಗೆ ತಂದ.

ರೇಡಿಯೋ ಹುಚ್ಚು ಹತ್ತಿದ್ದು ಯಾವಾಗ?

ಹುಡುಗನಾಗಿದ್ದಾಗಲೇ, ಅದೂ ಕೇಳುಗನಾಗಿ ಮಾತ್ರವಲ್ಲ. ಹದಿಹರೆಯದಲ್ಲೇ ಹವ್ಯಾಸಿ ರೇಡಿಯೋ ಪರವಾನಗಿ ಪಡೆದು, ಮೋರ್ಸ್ ಸಂಕೇತ ಕುಟ್ಟುತ್ತ ರಾತ್ರಿಯೆಲ್ಲ ಕೂರುತ್ತಿದ್ದ. ಅವನ ಕರೆಸಂಕೇತ ಡಬ್ಲ್ಯು9ಕ್ಯುಡಬ್ಲ್ಯುಎನ್. ನಮ್ಮ ದೇಶದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಸಂಕೇತ ವಿಯು ಎಂದು ಶುರುವಾಗುತ್ತದಲ್ಲ, ಅಂಥದ್ದೇ. ನ್ಯೂಯಾರ್ಕಿಗೆ ಬಂದ ಮೇಲೆ ಅದು ಕೆ2ಓಆರ್‌ಎಸ್ ಆಯಿತು. ಈ ಹವ್ಯಾಸವನ್ನು ಅವನು ಕೊನೆತನಕ ಬಿಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರಿನಲ್ಲಿದ್ದ. ಯುದ್ಧರಂಗಕ್ಕೆ ಹೋಗಲಿಲ್ಲ, ಅಮೆರಿಕದ ಶಿಬಿರಗಳಲ್ಲೇ ಕಾಲ ಕಳೆದ. ಆ ಶಿಬಿರಗಳ ಬೇಸರ, ಸಾರ್ಜೆಂಟರ ಗದರಿಕೆ, ಸಾಲುಗಟ್ಟಿ ಊಟಕ್ಕೆ ನಿಲ್ಲುವುದು ಇವೆಲ್ಲ ಮುಂದೆ ಅವನ ಕತೆಗಳ ಎರಡನೇ ದೊಡ್ಡ ಕಣಜವಾದವು.

ಹವ್ಯಾಸಿ ರೇಡಿಯೋ ಅವನ ಮಾತಿಗೆ ಒಂದು ಗುಣ ಕೊಟ್ಟಿತು ಎಂದು ನನಗನ್ನಿಸುತ್ತದೆ. ಕತ್ತಲಲ್ಲಿ ಕೂತು, ಎಲ್ಲೋ ದೂರದಲ್ಲಿರುವ ಯಾರೋ ಒಬ್ಬರನ್ನು ಕೂಗುವ ಆಟ ಅದು. ಸಾವಿರಾರು ಜನ ಕೇಳುತ್ತಿದ್ದ ಕಾಲದಲ್ಲೂ ಅವನ ದನಿ ಒಬ್ಬರನ್ನೇ ಉದ್ದೇಶಿಸಿ ಮಾತಾಡುತ್ತಿದೆ ಎನ್ನಿಸುತ್ತಿತ್ತು.

ನ್ಯೂಯಾರ್ಕಿಗೆ ಬಂದದ್ದು ಹೇಗೆ?

ಸಿನ್ಸಿನಾಟಿ, ಫಿಲಡೆಲ್ಫಿಯಾ ನಿಲಯಗಳಲ್ಲಿ ಕೆಲಸ ಮಾಡಿ 1955ರಲ್ಲಿ ಡಬ್ಲ್ಯುಓಆರ್ ಸೇರಿದ. 1956ರಲ್ಲಿ ರಾತ್ರಿ ಒಂದರಿಂದ ಬೆಳಗಿನ ಜಾವ ಐದೂವರೆವರೆಗಿನ ಹೊತ್ತು ಅವನ ಪಾಲಿಗೆ ಬಂತು. ಯಾರಿಗೂ ಬೇಡವಾದ ವೇಳೆ. ಆ ಹೊತ್ತಿನಲ್ಲಿ ಎಚ್ಚರ ಇರುವವರು ಯಾರು? ಪಾಳಿ ಮುಗಿಸಿದವರು, ಕಲಾವಿದರು, ಜಾಜ್ ಸಂಗೀತಗಾರರು, ಓದುವ ಹುಡುಗರು, ನಿದ್ದೆ ಬಾರದವರು. ಇವರನ್ನು ಅವನು ‘ರಾತ್ರಿಯ ಜನ’ ಎಂದು ಕರೆದ. ಗಡಿಯಾರ ನೋಡಿ ಬದುಕುವ, ಪಟ್ಟಿ ಮಾಡಿದ್ದನ್ನೇ ಕೊಳ್ಳುವ, ಪಟ್ಟಿ ಮಾಡಿದ್ದನ್ನೇ ಓದುವ ‘ಹಗಲಿನ ಜನ’ರಿಗೆ ಇವರು ಎದುರು. ಈ ವಿಂಗಡಣೆ ಎಷ್ಟು ಹಬ್ಬಿತೆಂದರೆ 1957ರಲ್ಲಿ ಮ್ಯಾಡ್ ಎಂಬ ಹಾಸ್ಯಪತ್ರಿಕೆಯಲ್ಲೂ ಅವನು ಇದರ ಮೇಲೆ ಬರೆದ.

ನ್ಯೂಯಾರ್ಕಿನ ದನಿ ಬೇರೆ ರಾಜ್ಯಗಳಿಗೆ ಹೇಗೆ ಕೇಳಿಸುತ್ತಿತ್ತು?

ಡಬ್ಲ್ಯುಓಆರ್ 710 ಕಿಲೋಹರ್ಟ್ಸ್‌ನ ಮಧ್ಯಮ ತರಂಗದ ನಿಲಯ, 50 ಕಿಲೋವ್ಯಾಟ್ ಶಕ್ತಿಯದು. ಹಗಲು ಹೊತ್ತು ಮೇಲಿನ ವಾತಾವರಣದ ಒಂದು ಪದರ ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದರ ಮೇಲಿನ ಪದರಕ್ಕೆ ತಾಗಿದ ತರಂಗ ಮತ್ತೆ ನೆಲಕ್ಕೆ ಬಾಗಿ ನೂರಾರು ಮೈಲಿ ಆಚೆ ಇಳಿಯುತ್ತದೆ. ಮೂಡಿಗೆರೆ, ಕೊಪ್ಪದ ತೋಟದ ಮನೆಗಳಲ್ಲಿ ರಾತ್ರಿ ಮುಳ್ಳು ತಿರುಗಿಸುತ್ತ ದೂರದೂರದ ನಿಲಯಗಳನ್ನು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಫ್‌ಎಂಗೆ ಈ ಸೌಲಭ್ಯ ಇಲ್ಲ. ಅದರ ತರಂಗ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಂತಿತು. ಹಾಸನ ಆಕಾಶವಾಣಿಯ 102.2 ಪೇಟೆಯಲ್ಲಿ ಗಂಟೆ ಹೊಡೆದಂತೆ ಕೇಳಿ, ಘಾಟಿ ಇಳಿಯುತ್ತಿದ್ದಂತೆ ಕೊರಕೊರ ಎನ್ನುವುದಕ್ಕೆ ಕಾರಣ ಅದೇ.

ಇಲ್ಲದ ಪುಸ್ತಕವೊಂದನ್ನು ಅಂಗಡಿಗಳಲ್ಲಿ ಕೇಳಿಸಿದ ಎನ್ನುತ್ತಾರೆ, ನಿಜವೇ?

ನಿಜ. ಅವನ ಬದುಕಿನ ಅತ್ಯಂತ ಪ್ರಸಿದ್ಧ ಪ್ರಸಂಗ ಇದು. ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಗೆ ಅಂಗಡಿಗಳಲ್ಲಿ ಗಿರಾಕಿಗಳು ಏನು ಕೇಳಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಗೊತ್ತಾಯಿತು. ಹಾಗಾದರೆ ಇಲ್ಲದ ಪುಸ್ತಕವನ್ನೂ ಪಟ್ಟಿಗೆ ಏರಿಸಬಹುದಲ್ಲ? 1956ರ ಒಂದು ರಾತ್ರಿ ಕೇಳುಗರ ಜೊತೆ ಸೇರಿ ಒಂದು ಹೆಸರು ಕಟ್ಟಿದ: ‘ಐ, ಲಿಬರ್ಟೀನ್’. ಬರೆದವರು ಫ್ರೆಡರಿಕ್ ಆರ್. ಯೂಯಿಂಗ್ ಎಂಬ ಬ್ರಿಟಿಷ್ ಮಹಾಶಯರು, ಹದಿನೆಂಟನೇ ಶತಮಾನದ ಶೃಂಗಾರ ಸಾಹಿತ್ಯದಲ್ಲಿ ವಿದ್ವಾಂಸರು. ಲೇಖಕರೂ ಇಲ್ಲ, ಪುಸ್ತಕವೂ ಇಲ್ಲ.

ಮರುದಿನದಿಂದ ರಾತ್ರಿಯ ಜನ ಅಂಗಡಿಗಳಿಗೆ ನುಗ್ಗಿದರು. ಮೊದಲನೆಯವನು ಕೇಳಿದಾಗ ಅಂಗಡಿಯವನು ‘ಗೊತ್ತಿಲ್ಲ’ ಎಂದ. ಅದೇ ಪುಸ್ತಕ ಕೇಳಿಕೊಂಡು ಹತ್ತನೆಯವನು ಬಂದಾಗ ‘ತರಿಸಿಕೊಡುತ್ತೇನೆ’ ಎಂದ. ವಿತರಕರು ಪ್ರಕಾಶಕರನ್ನು ಹುಡುಕಿದರು. ಓದಿದ್ದೇವೆ, ಚೆನ್ನಾಗಿದೆ ಎಂದು ಹೇಳಿಕೊಳ್ಳುವವರೂ ಹುಟ್ಟಿಕೊಂಡರು. ಗುಟ್ಟು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಹೊರಬಿತ್ತು. ಅಷ್ಟರಲ್ಲಿ ಇಯಾನ್ ಬ್ಯಾಲಂಟೈನ್ ಎಂಬ ಪ್ರಕಾಶಕ ಇಷ್ಟು ಜನ ಕೇಳುವ ಪುಸ್ತಕವನ್ನು ಬರೆಸಿಯೇ ಬಿಡೋಣ ಎಂದು ಮುಂದೆ ಬಂದ. ವೈಜ್ಞಾನಿಕ ಕತೆಗಳ ಲೇಖಕ ಥಿಯೋಡರ್ ಸ್ಟರ್ಜನ್ ಬರೆದು, ಕೆಲ್ಲಿ ಫ್ರೀಸ್ ಮುಖಪುಟ ಬರೆದು, 1956ರ ಸೆಪ್ಟೆಂಬರಿನಲ್ಲಿ ಪುಸ್ತಕ ಅಚ್ಚಾಗಿ ಬಂತು. ಹಿಂಬದಿಯ ರಕ್ಷಾಪುಟದಲ್ಲಿ ಯೂಯಿಂಗ್ ಮಹಾಶಯರ ಚಿತ್ರಕ್ಕೆ ಶೆಫರ್ಡನೇ ಮುಖ ಕೊಟ್ಟ. ಬಂದ ಲಾಭ ದಾನಕ್ಕೆ ಹೋಯಿತು.

ಕೂಟದಲ್ಲಿ ಇದನ್ನು ಕೇಳಿ ಎಲ್ಲರೂ ನಗುತ್ತಾರೆ. ಆದರೆ ಇದರಲ್ಲಿ ಗಂಭೀರವಾದ ಮಾತೊಂದಿದೆ. ಪಟ್ಟಿ ನೋಡಿ ಪುಸ್ತಕ ಆರಿಸುವ ಅಭ್ಯಾಸ ಎಷ್ಟು ಟೊಳ್ಳು ಎಂಬುದನ್ನು ಅವನು ಭಾಷಣ ಮಾಡಿ ಹೇಳಲಿಲ್ಲ. ಕೇಳುಗರೇ ಪಾತ್ರಧಾರಿಗಳಾದ ಒಂದು ಕತೆ ಕಟ್ಟಿ, ಇಡೀ ಊರಿನ ಮೇಲೆ ಆಡಿ ತೋರಿಸಿದ.

ಕೆಲಸದಿಂದ ತೆಗೆದದ್ದು ಯಾಕೆ?

ಜಾಹೀರಾತು ತರುವುದಿಲ್ಲ ಎಂದು. 1956ರಲ್ಲೇ ನಿಲಯ ಅವನನ್ನು ಬಿಡಿಸಲು ಹೊರಟಾಗ, ಪ್ರಾಯೋಜಕರೇ ಅಲ್ಲದ ಸ್ವೀಟ್‌ಹಾರ್ಟ್ ಸೋಪಿಗೆ ತಾನಾಗಿಯೇ ಪ್ರಸಾರದಲ್ಲಿ ಜಾಹೀರಾತು ಹೇಳಿಬಿಟ್ಟ. ಕೂಡಲೇ ತೆಗೆದರು. ಕೇಳುಗರು ಪ್ರತಿಭಟಿಸಿದರು, ಸೋಪಿನ ಕಂಪನಿಯವರೇ ಪ್ರಾಯೋಜಕರಾಗಲು ಮುಂದೆ ಬಂದರು, ಅವನನ್ನು ಮತ್ತೆ ಕರೆಸಿಕೊಂಡರು. ಆಮೇಲೆ ಭಾನುವಾರ ರಾತ್ರಿಗಳ ಕಾರ್ಯಕ್ರಮ, 1960ರಿಂದ ವಾರದ ರಾತ್ರಿಗಳಲ್ಲಿ 45 ನಿಮಿಷದ ಕಾರ್ಯಕ್ರಮ.

ಒಂದು ಕಾರ್ಯಕ್ರಮ ಹೇಗಿರುತ್ತಿತ್ತು?

ಮೊದಲು ಎಡ್ವರ್ಡ್ ಸ್ಟ್ರಾಸ್‌ನ ‘ಬಾನ್ ಫ್ರೈ’ ಎಂಬ ವಾದ್ಯಸಂಗೀತ, ಕುದುರೆ ಓಟದ ಲಯದ್ದು. ಅದು ಇನ್ನೂ ಓಡುತ್ತಿರುವಾಗಲೇ ಅವನ ದನಿ ಒಳಗೆ ಬರುತ್ತದೆ. ಸಾಮಾನ್ಯವಾಗಿ ತೀರ ಚಿಲ್ಲರೆ ಎನಿಸುವ ವಿಷಯದಿಂದ ಶುರು: ಪತ್ರಿಕೆಯ ಮೂಲೆಯ ಸುದ್ದಿ, ಬೀದಿಯಲ್ಲಿ ಕಂಡ ಬೋರ್ಡು. ಅಲ್ಲಿಂದ ಇನ್ನೊಂದಕ್ಕೆ ಹಾರುತ್ತಾನೆ, ಅಲ್ಲಿಂದ ಮತ್ತೊಂದಕ್ಕೆ. ಮಧ್ಯೆ ಹಳೆಯ ಹಾಡಿನ ತುಣುಕು ಹಾಕಿಸಿ ಅದರ ಜೊತೆ ತಾನೂ ಗುನುಗುತ್ತಾನೆ. ಮೋರ್ಸಿಂಗ್ ಬಾರಿಸುತ್ತಾನೆ. ಹೌದು, ನಮ್ಮ ಕರ್ನಾಟಕ ಸಂಗೀತ ಕಚೇರಿಯಲ್ಲಿ ಮೃದಂಗದ ಪಕ್ಕ ಕೂರುವ ಆ ವಾದ್ಯವೇ, ಅಲ್ಲಿ ಅದಕ್ಕೆ ಬೇರೆ ಹೆಸರು. ಕಾಝೂ ಎಂಬ, ಗುನುಗಿ ನುಡಿಸುವ ಪುಟ್ಟ ಪೀಪಿ ಊದುತ್ತಾನೆ, ತಲೆಯ ಮೇಲೆ ಬೆರಳಿನಿಂದ ಟಕಟಕ ಹೊಡೆದು ತಾಳ ಹಾಕುತ್ತಾನೆ.

ಮೊದಲ ಸಲ ಕೇಳುವವರಿಗೆ ಇಪ್ಪತ್ತು ನಿಮಿಷವಾದರೂ ದಾರಿ ಗೊತ್ತಾಗುವುದಿಲ್ಲ. ‘ಸಾ, ಇವರು ಏನ್ ಹೇಳಕ್ ಹೊಂಟವ್ರೆ?’ ಎಂದು ನಮ್ಮ ಕೂಟದಲ್ಲಿ ಒಬ್ಬರಾದರೂ ಪಿಸುಗುಟ್ಟುತ್ತಾರೆ. ತಾಳಿ ಎನ್ನುತ್ತೇನೆ. ಯಾಕೆಂದರೆ ಅಷ್ಟರಲ್ಲಿ ದನಿ ತಗ್ಗಿರುತ್ತದೆ, ಹ್ಯಾಮಂಡಿನ ಹುಡುಗನೊಬ್ಬ ಚಳಿಯಲ್ಲಿ ಶಾಲೆಗೆ ಹೊರಟಿರುತ್ತಾನೆ. ಆಗ ಗೊತ್ತಾಗುತ್ತದೆ, ಆರಂಭದ ಆ ಚಿಲ್ಲರೆ ವಿಷಯ, ನಡುವಿನ ಹಾಡು, ಎರಡೂ ಈ ಹುಡುಗನ ಕಡೆಗೇ ಬರುತ್ತಿದ್ದವು. ಹರಿಕಥೆ ಕೇಳಿದವರಿಗೆ ಈ ಕ್ರಮ ಹೊಸದಲ್ಲ. ದಾಸರು ಪೀಠಿಕೆ ಹಾಕಿ, ಉಪಕಥೆಗೆ ಹೊರಳಿ, ಸಭೆಯಲ್ಲಿ ನಗೆ ಎಬ್ಬಿಸಿ, ಎಲ್ಲಿ ಬಿಟ್ಟಿದ್ದರೋ ಅಲ್ಲಿಗೆ ಹಿಂತಿರುಗುತ್ತಾರೆ. ಶೆಫರ್ಡನ ಕತೆಯ ತುದಿ ಬರುವ ಹೊತ್ತಿಗೆ ಅದೇ ಕುದುರೆ ಓಟದ ಸಂಗೀತ ಕೆಳಗಿನಿಂದ ಏಳುತ್ತದೆ. ಸಂಗೀತ ಮುಗಿಯುವುದರೊಳಗೆ ಕತೆ ಮುಗಿಯಬೇಕು, ಮುಗಿಸುತ್ತಾನೆ. ಆ ಕೊನೆಯ ಒಂದು ನಿಮಿಷದ ಲೆಕ್ಕಾಚಾರವನ್ನು ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಆಟವೂ ಇತ್ತು. ರೇಡಿಯೋವನ್ನು ಕಿಟಕಿಯಲ್ಲಿಟ್ಟು ದನಿ ಪೂರ್ತಿ ಏರಿಸಿ ಎಂದು ಕೇಳುಗರಿಗೆ ಹೇಳುವುದು. ಎಲ್ಲರೂ ಇಟ್ಟಾದ ಮೇಲೆ ನಡುರಾತ್ರಿಯಲ್ಲಿ ಒಂದು ಭರ್ಜರಿ ಬೈಗುಳ ಕೂಗುವುದು! ಬೀದಿಬೀದಿಯ ಕಿಟಕಿಗಳಿಂದ ಒಂದೇ ದನಿ ಒಟ್ಟಿಗೆ ಹೊರಬರುತ್ತಿತ್ತು. 1960ರ ದಶಕದಲ್ಲಿ ಗ್ರೀನ್‌ವಿಚ್ ವಿಲೇಜಿನ ಲೈಮ್‌ಲೈಟ್ ಎಂಬ ಕೆಫೆಯಿಂದ ಶನಿವಾರ ರಾತ್ರಿ ಜನರ ಮುಂದೆಯೇ ಮಾತಾಡುತ್ತಿದ್ದ, ಅದೂ ನೇರ ಪ್ರಸಾರ.

ನಿಜಕ್ಕೂ ಬರೆದುಕೊಳ್ಳದೆ ಹೇಳುತ್ತಿದ್ದನೇ?

ಓದುವ ಬರಹ ಇರುತ್ತಿರಲಿಲ್ಲ. ಹಾಗೆಂದು ತಯಾರಿ ಇರಲಿಲ್ಲ ಎಂದು ತಿಳಿಯಬಾರದು. ಒಂದೇ ಕತೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಹೇಳಿದ್ದು ಕೇಳಿದರೆ ಯಾವ ತಿರುವು ಎಲ್ಲಿ ಬರಬೇಕೆಂದು ಅವನು ಎಷ್ಟು ತೀಡಿದ್ದ ಎನ್ನುವುದು ಕಾಣುತ್ತದೆ. ಮಾಧ್ಯಮ ಚಿಂತಕ ಮಾರ್ಷಲ್ ಮ್ಯಾಕ್‌ಲುಹಾನ್ 1964ರ ತನ್ನ ಪುಸ್ತಕದಲ್ಲಿ ಶೆಫರ್ಡನನ್ನು ಹೆಸರಿಸಿ, ರೇಡಿಯೋವನ್ನು ಇವನು ಪ್ರತಿರಾತ್ರಿ ಬರೆಯುವ ಹೊಸ ಬಗೆಯ ಕಾದಂಬರಿಯ ಮಾಧ್ಯಮವೆಂದು ಭಾವಿಸಿದ್ದಾನೆ ಎಂಬರ್ಥದ ಮಾತು ಬರೆದ. ಜಾಜ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ 1957ರ ತನ್ನ ‘ದಿ ಕ್ಲೌನ್’ ಧ್ವನಿಮುದ್ರಿಕೆಯಲ್ಲಿ ವಾದ್ಯಗಳ ನಡುವೆ ಇವನಿಂದ ಸ್ಥಳದಲ್ಲೇ ಕತೆ ಕಟ್ಟಿಸಿ ಹೇಳಿಸಿದ. ಮನೋಧರ್ಮದಲ್ಲಿ ನುಡಿಸುವ ಸಂಗೀತಗಾರರು ಇವನನ್ನು ತಮ್ಮವನೆಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಕತೆಗಳೆಲ್ಲ ಅವನ ಬಾಲ್ಯದಲ್ಲಿ ನಡೆದವೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನಡೆದವಲ್ಲ, ಕಟ್ಟಿದವು. ಇದನ್ನು ಅವನು ಜೀವನವಿಡೀ ಹೇಳುತ್ತಲೇ ಇದ್ದ. ಊರು ಇತ್ತು, ಶಾಲೆ ಇತ್ತು, ಗೆಳೆಯರ ಕೆಲವು ಹೆಸರುಗಳು ನಿಜವಾದವು. ಘಟನೆಗಳು ಕಲ್ಪಿತ. ತನ್ನನ್ನು ‘ಹಳೆಯ ಒಳ್ಳೆಯ ಕಾಲವನ್ನು ನೆನೆಯುವವನು’ ಎಂದು ಯಾರಾದರೂ ಕರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಸರಿಯಾದದ್ದೇ. ಅವನ ಕತೆಗಳಲ್ಲಿ ಆ ಕಾಲ ಒಳ್ಳೆಯದಾಗಿಯೂ ಇಲ್ಲ. ಆಸೆಪಟ್ಟದ್ದು ಸಿಗುವುದಿಲ್ಲ, ಸಿಕ್ಕರೆ ಅದರಿಂದಲೇ ಏಟು ಬೀಳುತ್ತದೆ.

ಓವಲ್ಟೀನಿನ ಪ್ರಸಂಗ ನೋಡಿ. ಹುಡುಗನೊಬ್ಬ ಪ್ರತಿಸಂಜೆ ರೇಡಿಯೋಗೆ ಕಿವಿ ಹಚ್ಚಿ ಅನಾಥ ಹುಡುಗಿ ಆ್ಯನಿಯ ಸಾಹಸದ ಧಾರಾವಾಹಿ ಕೇಳುತ್ತಾನೆ. ಪ್ರಾಯೋಜಕರು ಓವಲ್ಟೀನ್ ಎಂಬ, ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಕಂಪನಿಯವರು. ಧಾರಾವಾಹಿಯ ಕೊನೆಯಲ್ಲಿ ಗುಟ್ಟಿನ ಸಂದೇಶವೊಂದನ್ನು ಬರೀ ಅಂಕಿಗಳಲ್ಲಿ ಓದುತ್ತಾರೆ. ಬಿಡಿಸಬೇಕೆಂದರೆ ಗುಪ್ತ ಮಂಡಳಿಯ ಬಿಲ್ಲೆ ಬೇಕು. ಹುಡುಗ ಕಾಯುತ್ತಾನೆ, ಕಾಯುತ್ತಾನೆ, ಕೊನೆಗೆ ಅಂಚೆಯಲ್ಲಿ ಬಿಲ್ಲೆ ಬರುತ್ತದೆ. ಅಂದಿನ ಅಂಕಿಗಳನ್ನು ಗೀಚಿಕೊಂಡು ಬಚ್ಚಲುಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾನೆ, ಯಾಕೆಂದರೆ ಆ ಮನೆಯಲ್ಲಿ ಅವನಿಗೆ ಏಕಾಂತ ಸಿಗುವ ಜಾಗ ಅದೊಂದೇ. ಹೊರಗೆ ತಮ್ಮ ಬಾಗಿಲು ಬಡಿಯುತ್ತಿದ್ದಾನೆ. ಒಳಗೆ ಇವನು ಬಿಲ್ಲೆ ತಿರುಗಿಸಿ ಒಂದೊಂದೇ ಅಕ್ಷರ ಬರೆಯುತ್ತಿದ್ದಾನೆ. ಆ್ಯನಿ ಅಪಾಯದಲ್ಲಿದ್ದಾಳೋ? ಲೋಕವನ್ನು ಉಳಿಸುವ ಹೊಣೆ ತನ್ನ ಮೇಲೆ ಬಿದ್ದಿದೆಯೋ? ಪೂರ್ತಿ ಬಿಡಿಸಿದಾಗ ಹಾಳೆಯ ಮೇಲೆ ಇರುವುದು: ಓವಲ್ಟೀನ್ ಕುಡಿಯುವುದನ್ನು ಮರೆಯಬೇಡಿ.

ಇಂಥ ಬಿಲ್ಲೆಗಳು 1930ರ ದಶಕದಲ್ಲಿ ನಿಜವಾಗಿಯೂ ಇದ್ದವು. ಆದರೆ ಬಚ್ಚಲುಮನೆ, ಬಾಗಿಲು ಬಡಿತ, ಒಂದೊಂದೇ ಅಕ್ಷರ ಏರುತ್ತ ಹೋಗುವ ಆತಂಕ, ಇವೆಲ್ಲ ಕತೆಗಾರನ ಕೆಲಸ. ರೇಡಿಯೋವನ್ನು ಪ್ರಾಣದಂತೆ ಪ್ರೀತಿಸಿದ ಮನುಷ್ಯ, ಅದೇ ರೇಡಿಯೋದಲ್ಲಿ ಕೂತು, ರೇಡಿಯೋ ಒಬ್ಬ ಹುಡುಗನಿಗೆ ಮಾಡಿದ ಮೋಸವನ್ನು ಹೇಳುತ್ತಿದ್ದಾನೆ. ನಾವು ಇದನ್ನು ಕನ್ನಡದಲ್ಲಿ ಹೇಳಿದ ದಿನ ಸಕಲೇಶಪುರದ ಒಬ್ಬರು ಅಜ್ಜಿ ನಕ್ಕೂ ನಕ್ಕೂ ಕೊನೆಗೆ ‘ಪಾಪ ಕಣಪ್ಪಾ ಮಗು’ ಎಂದು ಕಣ್ಣೊರೆಸಿಕೊಂಡರು. ಬರೀ ನಡೆದದ್ದನ್ನು ನಡೆದಂತೆ ಹೇಳಿದ್ದರೆ ಆ ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ.

ಪುಸ್ತಕಗಳು ಯಾವುವು?

ಮುಖ್ಯವಾದದ್ದು 1966ರ ‘ಇನ್ ಗಾಡ್ ವಿ ಟ್ರಸ್ಟ್: ಆಲ್ ಅದರ್ಸ್ ಪೇ ಕ್ಯಾಶ್’. ‘ದೇವರನ್ನು ನಂಬುತ್ತೇವೆ, ಉಳಿದವರೆಲ್ಲ ನಗದು ಕೊಡಿ’ ಎಂದರ್ಥ, ನಮ್ಮ ಅಂಗಡಿಗಳ ಗೋಡೆಯ ‘ಇಂದು ನಗದು, ನಾಳೆ ಉದ್ರಿ’ ಜಾತಿಯ ಬೋರ್ಡಿನ ಮಾತು. 1971ರಲ್ಲಿ ‘ವಾಂಡಾ ಹಿಕೀಸ್ ನೈಟ್ ಆಫ್ ಗೋಲ್ಡನ್ ಮೆಮೊರೀಸ್’ ಬಂತು, ಆಮೇಲೆ ಇನ್ನೆರಡು. ಹಲವು ಕತೆಗಳು ಮೊದಲು ಪ್ಲೇಬಾಯ್ ಪತ್ರಿಕೆಯಲ್ಲಿ ಅಚ್ಚಾದವು. ಅದೇ ಪತ್ರಿಕೆಗಾಗಿ 1964ರಲ್ಲಿ ಬೀಟಲ್ಸ್ ತಂಡದ ಜೊತೆ ಸುತ್ತಿ ಸಂದರ್ಶನವನ್ನೂ ಮಾಡಿದ. ಬರಹದಲ್ಲಿ ಅವನ ವಾಕ್ಯ ತುಸು ಭಾರವಾಗುತ್ತದೆ, ವಿಶೇಷಣಗಳು ಮೇಲೆ ಮೇಲೆ ಬೀಳುತ್ತವೆ. ನನಗೆ ದನಿಯೇ ಹೆಚ್ಚು ಇಷ್ಟ.

ಸಿನಿಮಾ ಯಾವುದು?

‘ಎ ಕ್ರಿಸ್‌ಮಸ್ ಸ್ಟೋರಿ’, 1983ರದು. ನಿರ್ದೇಶಕ ಬಾಬ್ ಕ್ಲಾರ್ಕ್. ಶೆಫರ್ಡ್, ಅವನ ಹೆಂಡತಿ ಲೀ ಬ್ರೌನ್, ಕ್ಲಾರ್ಕ್ ಮೂವರೂ ಸೇರಿ ಚಿತ್ರಕತೆ ಬರೆದರು. ಆಟಿಕೆ ಅಲ್ಲದ ನಿಜವಾದ ಛರ್ರೆ ಬಂದೂಕಿಗಾಗಿ ಹಂಬಲಿಸುವ ರಾಲ್ಫಿ ಎಂಬ ಹುಡುಗನ ಕತೆ. ಕೇಳಿದ ದೊಡ್ಡವರೆಲ್ಲ ‘ಕಣ್ಣಿಗೆ ಹೊಡ್ಕೋತೀಯ’ ಎಂದೇ ಬೈಯುತ್ತಾರೆ. ದೊಡ್ಡವನಾದ ರಾಲ್ಫಿಯಾಗಿ ಕತೆ ಹೇಳುವ ದನಿ ಶೆಫರ್ಡನದೇ. ಬಿಡುಗಡೆಯಾದಾಗ ಸಾಧಾರಣ ಗೆಲುವು. ಟಿವಿಯಲ್ಲಿ ಬರುತ್ತ ಬರುತ್ತ ಮನೆಮಾತಾಯಿತು. 1997ರಿಂದ ಕ್ರಿಸ್‌ಮಸ್ ಹೊತ್ತಿಗೆ ಒಂದು ವಾಹಿನಿ ಇದನ್ನು 24 ಗಂಟೆ ಬಿಡದೆ ತೋರಿಸತೊಡಗಿತು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಚಿತ್ರೀಕರಣ ನಡೆದ ಕ್ಲೀವ್‌ಲ್ಯಾಂಡಿನ ಮನೆ ಈಗ ವಸ್ತುಸಂಗ್ರಹಾಲಯ.

ಮನುಷ್ಯನಾಗಿ ಹೇಗಿದ್ದ?

ಕಷ್ಟದ ಮನುಷ್ಯ. ಹಿಂದಿನ ಮದುವೆಯೊಂದರ ಇಬ್ಬರು ಮಕ್ಕಳಿಂದ ದೂರವಾಗಿಯೇ ಉಳಿದ. ನಟಿ ಲೋಯಿಸ್ ನೆಟಲ್ಟನ್ ಜೊತೆಗಿನ ಮದುವೆಯೂ ಮುರಿಯಿತು. ನಿರ್ಮಾಪಕಿಯಾಗಿ ಜೊತೆಗೆ ದುಡಿದ ಲೀ ಬ್ರೌನ್ ಅವನನ್ನು 1977ರಲ್ಲಿ ಮದುವೆಯಾದರು, ಕೊನೆತನಕ ಜೊತೆಗಿದ್ದರು. ಅವರು 1998ರಲ್ಲಿ ತೀರಿಕೊಂಡ ಮರುವರ್ಷವೇ ಅವನೂ ಹೋದ. ಕೊನೆಯ ವರ್ಷಗಳಲ್ಲಿ ತನ್ನ ರೇಡಿಯೋ ಕೆಲಸವನ್ನೇ ಹಗುರ ಮಾಡಿ ಮಾತಾಡುತ್ತಿದ್ದ, ಸಿನಿಮಾ, ಟಿವಿಯೇ ದೊಡ್ಡದೆನ್ನುತ್ತಿದ್ದ. ನನಗೆ ಅತ್ಯಂತ ನೋವಾಗುವ ಸಂಗತಿ ಇದು. ಬಾಲ್ಯದ ಮೇಲೆ ಇಷ್ಟು ಕತೆ ಕಟ್ಟಿದವನು ಸ್ವಂತ ಮಕ್ಕಳ ಬಾಲ್ಯದಲ್ಲಿ ಇರಲಿಲ್ಲ ಎನ್ನುವುದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ. ಕತೆಗಳನ್ನು ಪ್ರೀತಿಸಲು ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಹಾಗಾದರೆ ಈಗ ಧ್ವನಿಮುದ್ರಣ ಸಿಗುವುದು ಹೇಗೆ?

ಕೇಳುಗರಿಂದ. ಹುಡುಗರು ತಮ್ಮ ಮನೆಯ ಸುರುಳಿ ಟೇಪ್‌ ರೆಕಾರ್ಡರ್‌ಗಳನ್ನು ರೇಡಿಯೋ ಪಕ್ಕ ಇಟ್ಟು ರಾತ್ರಿರಾತ್ರಿ ಮುದ್ರಿಸಿಕೊಂಡಿದ್ದರು. ಇಂದು ನಾವು ಕೇಳುವುದರಲ್ಲಿ ಬಹಳಷ್ಟು ಹಾಗೆ ಉಳಿದದ್ದು. 1977ರ ಏಪ್ರಿಲ್ 1ರಂದು ಅವನು ಡಬ್ಲ್ಯುಓಆರ್ ಬಿಟ್ಟ. ಅವನ ಮಾತು ಕೇಳಿ ಬೆಳೆದ ಹುಡುಗರಲ್ಲಿ ಹಾಸ್ಯನಟ ಜೆರಿ ಸೈನ್‌ಫೆಲ್ಡ್ ಒಬ್ಬ. ಹಾಸ್ಯ ಮಾಡುವುದನ್ನು ಶೆಫರ್ಡನಿಂದಲೇ ಕಲಿತೆ ಎಂದು ಅವನು ಹೇಳಿಕೊಂಡಿದ್ದಾನೆ. 2005ರಲ್ಲಿ ರಾಷ್ಟ್ರೀಯ ರೇಡಿಯೋ ಹಾಲ್ ಆಫ್ ಫೇಮ್‌ಗೆ ಶೆಫರ್ಡನ ಹೆಸರು ಸೇರಿತು.

ಈ ಮಾತು ಬಂದಾಗಲೆಲ್ಲ ನಮ್ಮ ಕಡೆಯ ದನಿಗಳ ಚಿಂತೆ ನನಗೆ ಹತ್ತುತ್ತದೆ. ಹಳೆಯ ಹರಿಕಥೆ, ತಾಳಮದ್ದಳೆ, ಬಾನುಲಿ ಭಾಷಣಗಳ ಕ್ಯಾಸೆಟ್ಟು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಮಲೆನಾಡಿನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಜಾಗದಲ್ಲಿಟ್ಟು, ಆದಷ್ಟು ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನನಗೂ ರೇಡಿಯೋದಲ್ಲಿ ಕತೆ ಹೇಳಬೇಕೆಂದಿದೆ. ಇವನಿಂದ ಕಲಿಯುವುದೇನು?

ಆಲೂರು ಕಡೆಯ ಮೇಷ್ಟ್ರೊಬ್ಬರು ನಮ್ಮ ಕೂಟದಲ್ಲಿ ತಮ್ಮ ಶಾಲಾ ದಿನಗಳನ್ನು ಹೇಳಿದರು. ಮೊದಲ ಸಲ ‘ಆಗೆಲ್ಲ ಬಹಳ ಕಷ್ಟ, ಮಳೆಯಲ್ಲಿ ನಡೆದೇ ಹೋಗಬೇಕಿತ್ತು’ ಎಂದರು. ಎಲ್ಲರೂ ಗೌರವದಿಂದ ತಲೆಯಾಡಿಸಿದೆವು, ಅಷ್ಟೇ. ಶೆಫರ್ಡನನ್ನು ಕೇಳಿದ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿದರು. ಈ ಸಲ ಮಳೆ ಹಿಂದಕ್ಕೆ ಹೋಯಿತು, ಒಂದು ಛತ್ರಿ ಮುಂದಕ್ಕೆ ಬಂತು. ಮೂವರು ಅಣ್ಣತಮ್ಮಂದಿರಿಗೆ ಒಂದೇ ಛತ್ರಿ. ಅದರ ಒಂದು ಕಡ್ಡಿ ಮುರಿದು ಬಾಳೆನಾರಿನಲ್ಲಿ ಕಟ್ಟಿದ್ದು. ಮುರಿದ ಕಡ್ಡಿಯ ಕಡೆ ಯಾರು ನಡೆಯಬೇಕು ಎಂದು ದಿನಾ ಜಗಳ. ಕೊನೆಗೆ ಜಗಳದಲ್ಲಿ ಗೆದ್ದು, ಒಳ್ಳೆಯ ಕಡೆ ನಡೆದು, ಕಾಲುಸಂಕದ ಮೇಲೆ ಗಾಳಿಗೆ ಛತ್ರಿ ಸಮೇತ ಹಳ್ಳಕ್ಕೆ ಬಿದ್ದದ್ದು ಇವರೇ. ಹಜಾರ ನಗೆಯಲ್ಲಿ ಮುಳುಗಿತು. ಹಳ್ಳಕ್ಕೆ ಬಿದ್ದದ್ದು ನಿಜವಾ ಮೇಷ್ಟ್ರೇ ಎಂದು ಕೇಳಿದಾಗ ‘ಬಿದ್ದಿದ್ದು ನಮ್ಮಣ್ಣ’ ಎಂದರು.

ವಸ್ತು ಒಂದನ್ನು ಹಿಡಿಯಿರಿ, ಅದಕ್ಕೆ ಅದರದೇ ಹೆಸರು ಕೊಡಿ. ತಿಂಡಿ ಎನ್ನುವ ಬದಲು ಅಕ್ಕಿ ರೊಟ್ಟಿಯೋ ಕಡುಬೋ ಹೇಳಿ. ಗೆದ್ದ ಕತೆಗಿಂತ ಸೋತ ಕತೆ ಹೇಳಿ, ಸೋತವರು ನೀವೇ ಆಗಿ. ಸಭೆಗೆ ಭಾಷಣ ಮಾಡಿದಂತೆ ದನಿ ಏರಿಸಬೇಡಿ, ಕೇಳುವವರು ಅಡುಗೆಮನೆಯಲ್ಲೋ ಗದ್ದೆಯ ಬದುವಿನಲ್ಲೋ ಒಬ್ಬರೇ ಇರುತ್ತಾರೆ. ಆಕಾಶವಾಣಿಯಲ್ಲಿ ಭಾಷಣದ ಬರಹವನ್ನು ಮೊದಲೇ ಕೊಡುವುದು ರೂಢಿ. ಶೆಫರ್ಡನಂತೆ ಬರಿಗೈಯಲ್ಲಿ ಹೋಗಲಾಗದು ಎಂದು ಹಿಂಜರಿಯಬೇಡಿ. ಮೊದಲು ಯಾರಿಗಾದರೂ ಬಾಯಲ್ಲಿ ಹೇಳಿ, ಮೊಬೈಲಿನಲ್ಲಿ ಮುದ್ರಿಸಿ, ಅದನ್ನು ಕೇಳಿಕೊಂಡು ಬರೆಯಿರಿ. ಮೇಜಿನ ಮುಂದೆ ಕೂತು ಬರೆದದ್ದಕ್ಕೂ ಇದಕ್ಕೂ ಇರುವ ಅಂತರ ಓದುವಾಗ ಕಿವಿಗೇ ತಿಳಿಯುತ್ತದೆ.

ಗೊರೂರರಿಗೂ ಇವನಿಗೂ ಹೋಲಿಕೆ ಇದೆಯೇ?

ಸ್ವಲ್ಪ. ಇಬ್ಬರೂ ಒಂದು ಸಣ್ಣ ಊರನ್ನು ಹಿಡಿದು ಲೋಕ ಕಟ್ಟಿದವರು. ಆದರೆ ಗೊರೂರರ ನಗೆಯಲ್ಲಿ ಊರಿನ ಮೇಲೆ ಗಾಂಧಿವಾದಿಯ ಅಕ್ಕರೆ ಇದೆ. ಶೆಫರ್ಡನದು ಊರಿನಿಂದ ತಪ್ಪಿಸಿಕೊಂಡು ಬಂದವನ ನಗೆ, ಅದರಲ್ಲಿ ಚುರುಕೂ ಇದೆ, ಕಹಿಯೂ ಇದೆ. ಗೊರೂರರು ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶೆಫರ್ಡನನ್ನು ಕೇಳುವ ಮೊದಲು ಅದನ್ನೊಮ್ಮೆ ಓದಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ನಮ್ಮವರೊಬ್ಬರ ಕಣ್ಣಲ್ಲಿ ಆ ದೇಶ ಕಂಡ ಮೇಲೆ ಅಲ್ಲಿಯವನ ಮಾತು ಹತ್ತಿರವಾಗುತ್ತದೆ.

ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಸಿನಿಮಾದಿಂದ. ಚಿತ್ರ ಕಣ್ಣ ಮುಂದಿರುವುದರಿಂದ ಮಾತು ಅರ್ಧ ಬಿಟ್ಟುಹೋದರೂ ಕತೆ ಸಿಗುತ್ತದೆ, ಅವನ ದನಿಯ ಏರಿಳಿತವೂ ಪರಿಚಯವಾಗುತ್ತದೆ. ಆಮೇಲೆ 1960ರ ದಶಕದ 45 ನಿಮಿಷದ ಯಾವುದಾದರೂ ಕಾರ್ಯಕ್ರಮ ಹುಡುಕಿ, ಕೊನೆಯ ಹದಿನೈದು ನಿಮಿಷ ಮೊದಲು ಕೇಳಿ. ಕತೆ ಇರುವುದು ಸಾಮಾನ್ಯವಾಗಿ ಅಲ್ಲೇ. ಅದು ಹಿಡಿಸಿದರೆ ಮೊದಲಿನಿಂದ ಕೇಳಿ. ಕೂಟಕ್ಕೆ ಬಂದರೆ ಜೊತೆಯಲ್ಲಿ ಕೂತು ಕೇಳೋಣ, ತಿಳಿಯದ ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳುವವರು ನಮ್ಮಲ್ಲಿ ಇಬ್ಬರು ಮೂವರಿದ್ದಾರೆ. ಬರುವಾಗ ನಿಮ್ಮದೊಂದು ಕತೆ ಇರಲಿ.